ತೇವ ತಿಂದ ಒಂದು

ಅಂದು ಮಾಡಿದ ಕೆಲಸ: ಹಂಡೆಗೆ ಉರಿ ಹಾಕಿದ್ದು, ಡೈರಿಗೆ ಹಾಲು ಹೊತ್ತದ್ದು, ಕಡುಬಿಗೆ ಅಕ್ಕಿತರಿ ಒಡೆದಿಟ್ಟದ್ದು, ಪೂರ್ತಿ ಒಣಗದ ಸೀರೆಯನ್ನೇ ಉಟ್ಟು ಮಗ್ಗೆಯಲ್ಲಿ ಬಸ್ಸು ಹತ್ತಿದ್ದು, ಆಲೂರಿನಲ್ಲಿ ಕಂಪ್ಯೂಟರಿನ ಸಿ ಭಾಷೆಯ ಸಲುವಾಗಿ ಜಗಳವಾಡಿದ್ದು.

ಜಗಳ ಅದನ್ನು ಕಲಿಸುವ ಮೇಷ್ಟ್ರ ಜೊತೆಗೆ. ಗೊಬ್ಬರದಂಗಡಿಯ ಮೇಲೆ ಅವರ ಕಂಪ್ಯೂಟರ್ ಸೆಂಟರು. ಇದ್ದದ್ದು ಒಂದೇ ಕಂಪ್ಯೂಟರು. ಮೂರು ತಿಂಗಳಿಂದ ಅದಕ್ಕೆ ದಿನಾ ಹೂ ಏರಿಸುತ್ತಿದ್ದರು, ಕರೆಂಟ್ ಮಾತ್ರ ಕೊಟ್ಟಿರಲಿಲ್ಲ. "ಮಳೆಗಾಲ ಕಣ್ರೀ, ಅದ್ಕೆ ಶೀತ ಹಿಡೀತೈತೆ." ಹೀಗಾಗಿ ನಾವು ಸಿ ಕಲಿತದ್ದು ಕರಿಹಲಗೆಯಲ್ಲಿ, ಜಗಲಿಯ ಮೇಲೆ ಈಜು ಕಲಿತಂತೆ.

ನನಗೆ ಸರ್ಟಿಫಿಕೇಟ್ ಬೇಕಿತ್ತು. ಅದಿದ್ದರೆ ನಮ್ಮೂರ ಶಾಲೆಯ ಕಂಪ್ಯೂಟರ್ ಪಾಠ ನನಗೇ ಎಂದು ಹೆಡ್ಮೇಷ್ಟ್ರು ಮಾತು ಕೊಟ್ಟಿದ್ದರು. ಪಾಸಾಗಲು ಮೂವತ್ತೈದು. ಬಂದದ್ದು ಮೂವತ್ತನಾಲ್ಕು.

ಕೆಂಪು ಗೀಟು ಬಿದ್ದ ಪ್ರಶ್ನೆ: 5 / 2 * 2 ಎಷ್ಟು? ನಾನು ನಾಲ್ಕು ಎಂದು ಬರೆದಿದ್ದೆ.

"ಐದು ಕಣ್ರೀ! ಎರಡ್ರಿಂದ ಭಾಗಿಸಿ ಎರಡ್ರಿಂದ್ಲೇ ಗುಣಿಸಿದ್ರೆ ಹೊಂಟಲ್ಲಿಗೇ ಬರ್ಬೇಕಲ್ಲ?"

"ಸಿ-ನಾಗೆ ಭಾಗಾಕಾರಕ್ಕೂ ಗುಣಾಕಾರಕ್ಕೂ ಒಂದೇ ಆದ್ಯತೆ ಸಾರ್, ಎಡಗಡೆಯಿಂದ ಮಾಡ್ಕೊಂಡು ಹೋಗ್ಬೇಕು. ಪೂರ್ಣಾಂಕದಾಗೆ ಐದನ್ನ ಎರಡ್ರಿಂದ ಭಾಗಿಸಿದ್ರೆ ಎರಡೇ, ಅರ್ಧ ಉದುರೋಗ್ತೈತೆ. ಎರಡೆರಡ್ಲಿ ನಾಲ್ಕು. ಬೇಕಾದ್ರೆ ಮಿಷನ್ನೇ ಕೇಳಿ."

"ಕೇಳೇ ಬುಡಿ ಸಾರ್," ಎಂದಿತು ಹಿಂದಿನ ಬೆಂಚು.

ಊದುಬತ್ತಿ ಹಚ್ಚಿ ಸ್ವಿಚ್ಚು ಒತ್ತಿದರು. ಲೆಕ್ಕವನ್ನು ನಾನೇ ಟೈಪ್ ಮಾಡಿದೆ. ಪರದೆಯಲ್ಲಿ 4 ಬಂತು. ಮೇಷ್ಟ್ರು ಕರ್ಚೀಫಿನಿಂದ ಪರದೆ ಒರೆಸಿದರು. ನಾಲ್ಕು ನಾಲ್ಕಾಗಿಯೇ ಉಳಿಯಿತು.

"ನೋಡ್ರೀ, ನಾನ್ ಹೇಳಿರ್ಲಿಲ್ವಾ? ತೇವ ಹಿಡ್ದು ಒಂದನ್ನ ತಿಂದ್ಬುಟ್ಟೈತೆ!"

ಬೆಂಚು ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರ ಕಿವಿ ಕೆಂಪಾಯಿತು. "ಆಯ್ತು ಮಾರಾಯ್ರೆ, ನಿಮ್ದೂ ಬ್ಯಾಡ, ನಂದೂ ಬ್ಯಾಡ. ಒಂದ್ ಮಾರ್ಕು, ಇಬ್ರಿಗೂ ಅರ್ಧರ್ಧ."

"ಮೂವತ್ನಾಲ್ಕೂವರೆ ಅಂತಾದ್ರೂ ಬರೀರಿ ಸಾರ್. ಹೆಡ್ಮೇಷ್ಟ್ರು ಅಷ್ಟಕ್ಕೇ ಒಪ್ತಾರೆ."

"ಪಟ್ಟೀಲಿ ಪೂರ್ಣಾಂಕಾನೇ ಬರೀಬೇಕು. ಪೂರ್ಣಾಂಕದಾಗೆ ಒಂದನ್ನ ಎರಡ್ರಿಂದ ಭಾಗಿಸಿದ್ರೆ ಎಷ್ಟ್ರೀ? ಈಗ ನೀವೇ ಹೇಳ್ಕೊಟ್ರಲ್ಲ."

"ಸೊನ್ನೆ," ಎಂದೆ. ಇನ್ನೇನು ಹೇಳಲಿ?

ಮೂರು ತಿಂಗಳಲ್ಲಿ ಅವರು ಸರಿಯಾಗಿ ಬಿಡಿಸಿದ ಲೆಕ್ಕ ಅದೊಂದೇ. ಕಲಿಸಿದವಳು ನಾನು, ಫೇಲಾದವಳೂ ನಾನೇ. ಶಾಲೆಯ ಪಾಠ ಇದೇ ಮೇಷ್ಟ್ರ ಪಾಲಾಯಿತೆಂದು ಆಮೇಲೆ ತಿಳಿಯಿತು. ಅಲ್ಲಿಯ ಕಂಪ್ಯೂಟರಿಗೂ ಈಗ ದಿನಾ ಹೂ ಏರುತ್ತಿರಬೇಕು.

ಅಂದು ರಾತ್ರಿ ಕಡುಬು, ಹುಚ್ಚೆಳ್ಳು ಚಟ್ನಿ. ಇಬ್ಬರೂ ತಲಾ ಎರಡು ತಿಂದ ಮೇಲೆ ಪಾತ್ರೆಯಲ್ಲಿ ಒಂದು ಉಳಿದಿತ್ತು. "ಅರ್ಧ ಮಾಡೇ," ಎಂದರು ಮನೆಯವರು. "ಅರ್ಧ ಅನ್ನೋದೇ ಇಲ್ಲ," ಎಂದು ಇಡೀ ಕಡುಬನ್ನು ನಾನೇ ತಿಂದೆ. ಅವರು ಗೊಣಗುತ್ತಲೇ ಮಲಗಿದರು.