ಎಣ್ಣೆ ಕುಡಿದ ಬ್ರೇಕು

ಭತ್ತದ ನಾಟಿ ಶುರುವಾದಾಗಿನಿಂದ ಸಂತೆಕಲ್ಲೂರಿನ ಅಮರಗುಂಡಪ್ಪನಿಗೆ ನಿದ್ದೆ ಸಾಲುತ್ತಿರಲಿಲ್ಲ. ನಸುಕಿನಲ್ಲೇ ಕೂಲಿ ಹೆಂಗಸರನ್ನು ತನ್ನ ಹಳೆಯ ಓಮ್ನಿಯಲ್ಲಿ ಜವಳಗೇರಾದ ಗದ್ದೆಗಳಿಗೆ ಬಿಡಬೇಕು, ಹೊತ್ತು ಇಳಿದ ಮೇಲೆ ಕರೆತರಬೇಕು. ಕಾಲುವೆ ದಂಡೆಯ ಕೆಸರು ಬ್ರೇಕನ್ನು ತಿಂದುಹಾಕಿತ್ತು. ಕಾಲಿಟ್ಟರೆ ಕಿರ್ರೆನ್ನುತ್ತಿತ್ತು. "ಒಂದ್ ದಿನ ತಪ್ಪಿಸಿದ್ರೂ ಬ್ಯಾರೆ ಗಾಡಿ ನೋಡ್ಕೋತೀವಿ," ಎಂದು ಗುಂಪಿನ ಮುಂದಾಳು ಖಾತೂನ್‌ಬೀ ಮೊದಲೇ ಹೇಳಿದ್ದಳು.

ಒಂದು ಸಂಜೆ ಅಮರಗುಂಡಪ್ಪ ಹೊಸ ಬ್ರೇಕ್ ಪ್ಯಾಡುಗಳೊಂದಿಗೆ ಅಂಗಳದಲ್ಲಿ ಕೂತ. ಎರೆಮಣ್ಣಿನಲ್ಲಿ ಜಾಕು ಹೂತುಹೋಗದಿರಲೆಂದು ಅದರ ಕೆಳಗೆ ಬಟ್ಟೆ ಒಗೆಯುವ ಕಲ್ಲು ಇಟ್ಟ. ಹಿಂದಿನ ಗಾಲಿಗಳಿಗೆ ಕಲ್ಲು ಒತ್ತುಕೊಟ್ಟ. ಜಾಕು ಜಾರಿದರೂ ಭಾರ ಮೈಮೇಲೆ ಬೀಳದಂತೆ, ಬಿಚ್ಚಿದ ಗಾಲಿಯನ್ನು ಗಾಡಿಯ ಅಡಿಗೆ ತಳ್ಳಿದ. ಎಡಗಡೆ ಮುಗಿಯುವಷ್ಟರಲ್ಲಿ ಸೊಂಟ ಹಿಡಿದಿತ್ತು.

"ಬಲಗಡೀದು ಇನ್ನೊಂದ್ ವಾರ ಬರತೈತಿ. ಬಿಡ್ಲೇನ?"

"ಒಂದ ಕಿವಿಗೆ ವಾಲಿ ಇಟ್ಕೊಂಡು ಯಾರಾರ ಮದಿವಿಗೆ ಹೋಗ್ತಾರೇನ್ರಿ?" ಹೊಲಿಗೆ ಯಂತ್ರದ ಮುಂದೆ ಕೂತ ಹೆಂಡತಿ ಕಸ್ತೂರೆಮ್ಮ ಅಂದಳು.

ಅದನ್ನೂ ಮುಗಿಸಿದ. ಮುಂದಿನ ಎರಡೂ ಗಾಲಿ ಹಾಕುವುದಷ್ಟೇ ಬಾಕಿ. ಚಹಾ ಕುಡಿಯಲು ಒಳಹೋದವನಿಗೆ ಕೂತಲ್ಲೇ ಕಣ್ಣು ಮುಚ್ಚಿತು.

ಹೊರಬಂದಾಗ, ಪ್ಯಾಡುಗಳು ಕಚ್ಚಿ ಹಿಡಿಯುವ ಡಿಸ್ಕುಗಳು ಮಿರಮಿರ ಮಿಂಚುತ್ತಿದ್ದವು. ಕಸ್ತೂರೆಮ್ಮನ ಕೈಯಲ್ಲಿ ಹೊಲಿಗೆ ಯಂತ್ರದ ಎಣ್ಣೆ ಡಬ್ಬಿ.

"ಚೀರತೈತಿ ಅಂತಿದ್ರಲ್ಲ. ಎರಡೂ ಕಡಿ ಎಣ್ಣಿ ಬಿಟ್ಟೀನ್ರಿ."

ಅವನು ಅಲ್ಲೇ ಕುಕ್ಕರಿಸಿದ. "ಇದು ಜಾರಬಾರದು ಲೇ. ಹಿಡೀಬೇಕು."

"ಒರೆಸಿದ್ರ ಹೋಗಂಗಿಲ್ಲೇನ್ರಿ?"

"ಡಿಸ್ಕಿಂದು ಹೋಗತೈತಿ. ಪ್ಯಾಡು ಕುಡದಿದ್ದು ಹೋಗಂಗಿಲ್ಲ."

ಹಳೆಯ ಪ್ಯಾಡುಗಳು ತಗಡಿನಂತೆ ಸವೆದಿದ್ದವು. ಪ್ಯಾಡು ಸಿಗುವ ಸಿಂಧನೂರಿನ ಅಂಗಡಿ ತೆರೆಯುವುದು ನಾಳೆ ಹೊತ್ತೇರಿದ ಮೇಲೆಯೇ. ಹೇಗೋ ಓಡಿಸಿಬಿಡೋಣ ಎಂದುಕೊಂಡ. ಕಾಲುವೆಯ ತಿರುವು, ಹಿಂದಿನ ಸೀಟಿನಲ್ಲಿ ಒಬ್ಬರ ಹೆಗಲಿಗೊಬ್ಬರು ಒರಗಿ ತೂಕಡಿಸುವ ಹೆಂಗಸರು ಕಣ್ಣಿಗೆ ಕಟ್ಟಿದರು. ಫೋನು ತೆಗೆದ.

"ಖಾತೂನ್‌ಬೀ, ನಾಳಿ ಗಾಡಿ ಬರಂಗಿಲ್ಲವಾ. ಬ್ರೇಕ್ ಸರಿ ಕುಂದರಲಿಲ್ಲ. ನನ್ನ ಕೈತಪ್ಪು."

"ನಿದ್ದಿ ಹೊಡ್ಯಾಕ ಛಲೋ ನೆಪ ಸಿಕ್ತು ಬಿಡಣ್ಣ!" ನಕ್ಕಳು. ಆಮೇಲೆ ದನಿ ತಗ್ಗಿತು. "ಮಸ್ಕಿ ಟಂಟಂ ಆಟೋದವನ್ನ ಕೇಳ್ತೀನಿ. ಅವ ಬಂದ್ರ ನಾಟಿ ಮುಗಿಯೂತನ ಅವನ ಗಾಡೀನ ಮತ್ತ."

"ಹೂನವಾ. ಕೇಳು."

ಕಸ್ತೂರೆಮ್ಮ ಡಬ್ಬಿ ಹಿಡಿದೇ ನಿಂತಿದ್ದಳು. "ನನ್ನ ಹೆಸರು ಹೇಳಬೇಕಿತ್ತಲ್ರಿ."

"ಹೇಳಿದ್ದರ ಗದ್ಯಾಗ ದಿನಾ ನಿನ್ನ ಆಡ್ಕೊಂಡು ನಗತಿದ್ರು."

ಗಾಲಿ ಸಿಕ್ಕಿಸಿ ಗಾಡಿ ಇಳಿಸಿದ. ಕೀಲಿಯನ್ನು ಅವಳ ಕೈಗಿಟ್ಟ.

"ನಸಿಕಿನ್ಯಾಗ ಹೆಂಗರ ಓಡಸ್ತೀನಂತ ನಾನ ಕೇಳಿದ್ರೂ ಕೊಡಬ್ಯಾಡ."