ಮೂರನೇ ಭಾನುವಾರ ಓದದ ಪ್ರಕಟಣೆ

ನಾನು ಪರಿಪೂರ್ಣಳಾಗಿ ಒಂದೂವರೆ ವರ್ಷವಾಯಿತು. ಹಿರಿಯೂರಿನ ನಮ್ಮ ಚರ್ಚಿನ ಸಭೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೆಂಗಸರ ಕೂಟದಲ್ಲಿ ಆತ್ಮಿಕ ಬೆಳವಣಿಗೆಯ ಮಾತು ಬಂದರೆ ಎಲ್ಲರೂ ಮೊದಲು ನನ್ನ ಮುಖ ನೋಡುತ್ತಾರೆ. ನಾನೂ ತಲೆ ತಗ್ಗಿಸಿ, ಎಲ್ಲ ದೇವರ ಕೃಪೆ ಎನ್ನುತ್ತೇನೆ. ಅದಕ್ಕಾಗಿ ನನ್ನ ಅಕ್ಕನ ಗತಿ ಏನಾಯಿತು ಎಂದು ಅವರಿಗೆ ಗೊತ್ತಿಲ್ಲ. ಗೊತ್ತಾಗುವ ಹಾಗೆ ನಾನು ನಡೆದುಕೊಂಡಿಲ್ಲ.

ನಾವು ಚಿಕ್ಕಜಾಜೂರಿನವರು. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು, ನಾನು ಶಾಲೆಯಲ್ಲಿದ್ದಾಗಲೇ ತೀರಿಕೊಂಡರು. ಆಮೇಲೆ ಮನೆಯಲ್ಲಿ ಅವ್ವ, ಅಕ್ಕ, ನಾನು ಮೂವರೇ. ಊರಲ್ಲಿ ನಮ್ಮ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಸ್ಟೇಷನ್ನಿನ ಹಿಂದಿದ್ದ ಹೆಂಚಿನ ದೇವಾಲಯದಲ್ಲಿ ಭಾನುವಾರ ಸೇರುತ್ತಿದ್ದೆವು. ಪ್ರಸಂಗದ ನಡುವೆ ಗೂಡ್ಸ್ ಗಾಡಿ ಬಂದರೆ ಪಾಸ್ಟರ್ ಬಾಯಿ ಮುಚ್ಚಿಕೊಂಡು ಕೊನೆಯ ಡಬ್ಬಿ ಹೋಗುವವರೆಗೆ ಕಾಯಬೇಕಿತ್ತು. ನಮಗೆ ಮಕ್ಕಳಿಗೆ ಆ ಗಾಡಿ ಉದ್ದ ಇದ್ದಷ್ಟೂ ಖುಷಿ.

ಅಕ್ಕನಿಗೆ ಇಪ್ಪತ್ತನಾಲ್ಕಾದಾಗ ಹೊಸದುರ್ಗದಿಂದ ಸಂಬಂಧ ಬಂತು. ಹುಡುಗ ಹೈಸ್ಕೂಲಿನಲ್ಲಿ ಗುಮಾಸ್ತ, ಮಿತಭಾಷಿ, ನಮ್ಮ ಪಂಗಡದವನೇ. ಅಷ್ಟರಲ್ಲಿ ಅವ್ವನಿಗೆ ಲಕ್ವ ಹೊಡೆದು ವರ್ಷವಾಗಿತ್ತು. ಎಡಭಾಗ ಪೂರ್ತಿ ಬಿದ್ದುಹೋಗಿ ಹಾಸಿಗೆಯಲ್ಲೇ ಎಲ್ಲ ಆಗುತ್ತಿತ್ತು. ನೋಡಿಕೊಳ್ಳುತ್ತಿದ್ದವಳು ಅಕ್ಕ. ಆದರೂ ಮದುವೆ ಮಾಡಿಕೋ ಎಂದು ಅವ್ವನೇ ಸೊಟ್ಟ ಬಾಯಲ್ಲಿ ಹಟ ಹಿಡಿದಳು.

ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಗಂಡು ಹೆಣ್ಣಿನ ಹೆಸರನ್ನು ಸಭೆಯ ಮುಂದೆ ಓದುತ್ತಾರೆ. ಈ ಮದುವೆಗೆ ಏನಾದರೂ ಅಡ್ಡಿಯಿದೆ ಎಂದು ಯಾರಿಗಾದರೂ ಗೊತ್ತಿದ್ದರೆ ತಿಳಿಸಬೇಕು ಎನ್ನುತ್ತಾರೆ. ಇದಕ್ಕೆ ಪ್ರಕಟಣೆ ಎಂದು ಹೆಸರು. ಯಾರೂ ಏನೂ ತಿಳಿಸುವುದಿಲ್ಲ, ಓದುವುದು ಒಂದು ಶಾಸ್ತ್ರ ಅಷ್ಟೆ. ಅಕ್ಕನದು ಮೊದಲ ಭಾನುವಾರ ಓದಿದರು. ಎರಡನೇ ಭಾನುವಾರವೂ ಓದಿದರು. ಮೂರನೇ ಭಾನುವಾರ ಪಾಸ್ಟರ್ ಕಾಗದ ಮಡಚಿಟ್ಟು ನೇರವಾಗಿ ಕೀರ್ತನೆಗೆ ಹೋದರು. ಹುಡುಗನ ಕಡೆಯವರು ಹೇಳಿ ಕಳಿಸಿದ್ದು ಒಂದೇ ಮಾತು, ದೇವರ ಚಿತ್ತ ಇದ್ದ ಹಾಗೆ ಕಾಣುವುದಿಲ್ಲ ಎಂದು.

ಅಕ್ಕ ಒಂದು ವರ್ಷ ದೇವಾಲಯದ ಮೆಟ್ಟಿಲು ಹತ್ತಲಿಲ್ಲ. ಅವ್ವನ ಬಟ್ಟೆ ಒಗೆಯುವಾಗ ದೇವರನ್ನು ಹೆಸರು ಹಿಡಿದು ಬೈಯುತ್ತಿದ್ದಳು. ನಾವು ಕೇಳಿದರೆ ನಾಚಿಕೆಯಾಗಬೇಕು, ಅಂಥ ಬೈಗುಳ. ಆಮೇಲೆ ಒಂದು ಭಾನುವಾರ ತಾನಾಗಿಯೇ ಎದ್ದು ಸೀರೆ ಉಟ್ಟು ಹೋದಳು. ವರ್ಷವಿಡೀ ದೇವರ ಜೊತೆ ಜಗಳ ಆಡಿದೆ, ಅವನು ಒಂದೂ ಉತ್ತರ ಕೊಡದೆ ಕೂತಿದ್ದ, ಹಾಗೆ ಕೂರುವವನು ಈ ಮದುವೆಯನ್ನು ಸುಮ್ಮನೆ ತಪ್ಪಿಸಿರಲಾರ ಎಂದು ಸಭೆಯ ಮುಂದೆ ನಗುತ್ತಾ ಸಾಕ್ಷಿ ಹೇಳುತ್ತಿದ್ದಳು. ಆ ಒಂದು ಮಾತಿನ ಮೇಲೆ ಅವಳ ಬದುಕು ಪೂರ್ತಿ ನಿಂತಿತ್ತು. ಅವ್ವ ತೀರಿಕೊಳ್ಳುವವರೆಗೆ ಹನ್ನೊಂದು ವರ್ಷ ಅವಳನ್ನು ನೋಡಿಕೊಂಡಳು, ರವಿಕೆ ಹೊಲಿದಳು, ಸಂಡೇ ಸ್ಕೂಲ್ ನಡೆಸಿದಳು. ಮಗು ಕಳೆದುಕೊಂಡವರು, ಗಂಡ ಬಿಟ್ಟವರು, ಪಕ್ಕದ ಲಿಂಗಾಯತರ ಮನೆಯ ಹೆಂಗಸರು ಕೂಡ ಅವಳ ಹೊಲಿಗೆ ಮಿಷನ್ನಿನ ಪಕ್ಕ ಬಂದು ಕೂತು ಅತ್ತು ಹೋಗುತ್ತಿದ್ದರು. ಪರಿಪೂರ್ಣಳಾದ ಒಬ್ಬಳನ್ನು ನಾನು ನೋಡಿದ್ದರೆ ಅದು ಅವಳನ್ನೇ.

ನಾನು ಅಕ್ಕನ ಮದುವೆ ತಪ್ಪಿದ ವರ್ಷವೇ ಚಿತ್ರದುರ್ಗಕ್ಕೆ ಟಿಸಿಎಚ್, ಅಂದರೆ ಟೀಚರ್ ತರಬೇತಿ, ಓದಲು ಹೋದೆ. ಸರ್ಕಾರಿ ಶಾಲೆಯಲ್ಲಿ ಟೀಚರ್ ಆದೆ. ಗಂಡನಿಗೆ ಬಬ್ಬೂರು ಕೃಷಿ ಫಾರಂನಲ್ಲಿ ಕೆಲಸ, ಹಿರಿಯೂರಿನಲ್ಲಿ ಸ್ವಂತ ಮನೆ, ಇಬ್ಬರು ಮಕ್ಕಳು. ಯಾವುದಕ್ಕೂ ಕೊರತೆಯಿಲ್ಲ.

ಕಳೆದ ವರ್ಷದ ಆರಂಭದಲ್ಲಿ ಚಿತ್ರದುರ್ಗದಲ್ಲಿ ಮೂರು ದಿನದ ಆತ್ಮಿಕ ಕೂಟವಿತ್ತು. ವಿಷಯ, ಪರಿಪೂರ್ಣ ಜೀವಿತ. ಹೊರಗಿನಿಂದ ಬಂದಿದ್ದ ಬೋಧಕರು ಎಲ್ಲರಿಗೂ ಒಂದೊಂದು ಹಾಳೆ ಹಂಚಿದರು. ನೀವು ಯಾರಿಗೆ ಕೆಡುಕು ಮಾಡಿದ್ದೀರೋ ಅವರ ಹೆಸರು ಬರೆಯಿರಿ, ಒಬ್ಬೊಬ್ಬರ ಬಳಿಗೂ ಹೋಗಿ ಅರಿಕೆ ಮಾಡಿ ಕ್ಷಮೆ ಕೇಳಿ, ಒಂದು ಹೆಸರು ಉಳಿದರೂ ಬಿರುಕು ಬಿಟ್ಟ ಕೊಡವೇ ಎಂದರು. ಟೀಚರ್ ಅಲ್ಲವೇ, ಹೋಮ್‌ವರ್ಕ್ ಎಂದರೆ ನನಗೆ ಹುರುಪು. ಏಳು ಹೆಸರು ಬರೆದೆ. ಹಿಂದಿನ ಬೀದಿಯ ಸಾಬರ ಮನೆಯಾಕೆಯ ಮೇಲೆ ಒಮ್ಮೆ ಕೋಳಿ ಕದ್ದಳೆಂದು ಗುಮಾನಿ ಪಟ್ಟಿದ್ದೆ. ಹೋಗಿ ಕೈ ಮುಗಿದೆ. ಆಕೆಗೆ ಗುಮಾನಿಯೇ ಗೊತ್ತಿರಲಿಲ್ಲ. ಆವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಳು. ಅಲ್ಲಿಗಾದರೂ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ, ಒಂದು ಹೆಸರು ಹೊಡೆದು ಹಾಕಿದೆ.

ಕೊನೆಗೆ ಉಳಿದದ್ದು ಅಕ್ಕ. ಒಂದು ಬೆಳಿಗ್ಗೆ ಚಿಕ್ಕಜಾಜೂರಿಗೆ ಹೋದೆ. ಅವಳು ಯಾರದೋ ರವಿಕೆಗೆ ತೋಳು ಕೂಡಿಸುತ್ತಾ ಕೂತಿದ್ದಳು. ಕೂಟದಲ್ಲಿ ಕಲಿಸಿದ ಹಾಗೆ ಎದುರು ಮಂಡಿಯೂರಿ ಹೇಳಿದೆ. ಎರಡನೇ ಪ್ರಕಟಣೆಯಾದ ಮರುದಿನ ಪಾಸ್ಟರ್ ಹತ್ತಿರ ಹೋಗಿದ್ದವಳು ನಾನು. ನಿನಗೆ ಚಿಕ್ಕಂದಿನಲ್ಲಿ ಜ್ವರ ನೆತ್ತಿಗೇರಿ ಫಿಟ್ಸ್ ಬಂದಿದ್ದನ್ನು ಹೇಳಿದವಳು ನಾನು. ಹುಡುಗನಿಗೆ ಮೋಸವಾಗಬಾರದು ಎಂದು ಮನಸ್ಸಾಕ್ಷಿ ಚುಚ್ಚಿತು, ಅದಕ್ಕೇ ಹೇಳಿದೆ ಎಂದೆ. ಮಿಷನ್ ನಿಂತಿತು. ಅಕ್ಕ ಸೂಜಿಯ ಕೆಳಗಿಂದ ಬಟ್ಟೆಯನ್ನು ಬಿಡಿಸಿ ತೊಡೆಯ ಮೇಲಿಟ್ಟುಕೊಂಡಳು.

"ಹಂಗಾದ್ರೆ ದೇವರಲ್ಲ," ಎಂದಳು. "ನೀನು."

ನಾನು ಅಳುತ್ತಿದ್ದೆ. ನನಗೆ ಆ ಅಳು ತುಂಬ ಹಿತವಾಗಿತ್ತು, ಹಾಗಾಗಿ ಅವಳ ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಅವಳು ಕಾಫಿ ಮಾಡಿಕೊಟ್ಟಳು. ಕ್ಷಮಿಸಿದ್ದೀನಿ, ಏಳು, ಹೊಳಲ್ಕೆರೆ ಬಸ್ಸು ತಪ್ಪುತ್ತದೆ ಎಂದಳು. ಮನೆಗೆ ಬಂದು ಎರಡು ಮುದ್ದೆ ಉಂಡು ಮಲಗಿದೆ. ಅಂಥ ನಿದ್ದೆ ಎಷ್ಟೋ ವರ್ಷದಿಂದ ಬಂದಿರಲಿಲ್ಲ. ಮುಂದಿನ ಭಾನುವಾರ ಸಭೆಯ ಮುಂದೆ ನಿಂತು, ಒಬ್ಬ ಸಹೋದರಿಗೆ ಮಾಡಿದ ಪಾಪವನ್ನು ಅರಿಕೆ ಮಾಡಿ ಬಿಡುಗಡೆ ಹೊಂದಿದೆ ಎಂದು ಸಾಕ್ಷಿ ಹೇಳಿದೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

ತಿಂಗಳ ಮೊದಲ ಭಾನುವಾರ ನಮಗೆ ಕರ್ತನ ಮೇಜು. ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ದಿನ. ಯಾರ ಮೇಲಾದರೂ ಮನಸ್ಸಿನಲ್ಲಿ ಏನಾದರೂ ಇಟ್ಟುಕೊಂಡು ಅದಕ್ಕೆ ಕೈ ಚಾಚಬಾರದು, ಮುಂಚೆಯೇ ಹೋಗಿ ಸರಿ ಮಾಡಿಕೊಂಡು ಬರಬೇಕು. ಅದರ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಅಕ್ಕ ಬಂದಳು. ಹೊಳಲ್ಕೆರೆಯಲ್ಲಿ ಒಮ್ಮೆ, ಚಿತ್ರದುರ್ಗದಲ್ಲಿ ಒಮ್ಮೆ ಬಸ್ಸು ಬದಲಿಸಿ ಬಂದಿದ್ದಳು. ನೀರು ಕುಡಿದು ಕುರ್ಚಿಯ ತುದಿಯಲ್ಲಿ ಕೂತಳು.

"ನಿನ್ನ ಮ್ಯಾಲೆ ಇನ್ನೂ ಮನಸ್ಸಿನಾಗೆ ಐತೆ," ಎಂದಳು. "ಇಟ್ಕಂಡು ಹೋಗಬಾರ್ದು. ಇನ್ನೊಂದ್ಸಲ ಹೇಳು."

ಹೇಳಿದೆ. ಕೇಳಿಸಿಕೊಂಡು, ಸರಿ ಕ್ಷಮಿಸಿದ್ದೀನಿ ಎಂದು ಎದ್ದು ಹೋದಳು. ಮುಂದಿನ ತಿಂಗಳು ಮತ್ತೆ ಬಂದಳು. ಅದರ ಮುಂದಿನ ತಿಂಗಳೂ ಬಂದಳು. ಪ್ರತಿ ಸಲ ಪ್ರಶ್ನೆ ಹೆಚ್ಚಾಗುತ್ತಿತ್ತು. ನೀನು ಹೋದಾಗ ಪಾಸ್ಟರ್ ಏನು ಮಾಡುತ್ತಿದ್ದರು? ಕಡಲೆಕಾಯಿ ಬಿಡಿಸುತ್ತಿದ್ದರು. ಹೋಗುವ ಮುಂಚೆ ಪ್ರಾರ್ಥನೆ ಮಾಡಿದೆಯಾ? ಇಲ್ಲ. ದಾರಿಯಲ್ಲಿ ಯಾರಾದರೂ ಸಿಕ್ಕರಾ, ಯಾವುದಾದರೂ ವಾಕ್ಯ ನೆನಪಿಗೆ ಬಂತಾ, ಹೋಗು ಎಂದು ಒಳಗಿಂದ ಯಾರಾದರೂ ನೂಕಿದ ಹಾಗಾಯಿತಾ? ಇಲ್ಲ, ಇಲ್ಲ, ಇಲ್ಲ. ಫಿಟ್ಸ್ ಒಂದೇ ಸಲ ಬಂದಿತ್ತು ಎಂದು ಹೇಳಿದೆಯೋ, ಆಗಾಗ ಬರುತ್ತದೆ ಎಂದೆಯೋ? ನಾಲ್ಕನೇ ತಿಂಗಳಿಗೆ ಬಾಯಿ ಬಿಟ್ಟೆ. ಆಗಾಗ ಎಂದಿದ್ದೆ. ಅಕ್ಕ ತಲೆಯಾಡಿಸಿದಳು, ಸರಿಯಾದ ಉತ್ತರ ಬಂದಾಗ ನಾನು ಮಕ್ಕಳಿಗೆ ತಲೆಯಾಡಿಸುವ ಹಾಗೆ.

ಇದು ಸೇಡು ಎಂದು ನನಗೆ ಖಾತ್ರಿಯಾಯಿತು. ದೇವರ ಹೆಸರಲ್ಲಿ ನನ್ನ ಚರ್ಮ ಸುಲಿಯಲು ಬರುತ್ತಾಳೆ ಎಂದು ಗಂಡನ ಮುಂದೆ ಕೂಗಾಡಿದೆ. ಅವರು, ನಿಮ್ಮ ಅಕ್ಕ ತಂಗಿಯರ ವಿಷಯ ಎಂದು ಪೇಪರ್ ಹಿಡಿದರು. ಮುಂದಿನ ತಿಂಗಳು ಅವಳು ಬರುವ ಶನಿವಾರ ಒಳಗಿಂದ ಚಿಲಕ ಹಾಕಿಕೊಂಡೆ. ಅಕ್ಕ ಬಂದು ಬಾಗಿಲು ತಟ್ಟಿದಳು, ಕರೆದಳು, ಆಮೇಲೆ ಮೆಟ್ಟಿಲ ಮೇಲೆ ಕೂತಳು. ಉರಿಬಿಸಿಲು. ನಾನು ಕಿಟಕಿ ಪಕ್ಕ ಕೂತು ಐದನೇ ಕ್ಲಾಸಿನ ಕಾಪಿ ತಿದ್ದುತ್ತಾ ಅವಳ ನೆತ್ತಿ ನೋಡುತ್ತಿದ್ದೆ. ಕೂದಲು ತೆಳ್ಳಗಾಗಿ ಬೈತಲೆ ಅಗಲವಾಗಿತ್ತು. ಒಮ್ಮೆ ಕೆಮ್ಮಿದಳು. ಒಳಗೆ ಫ್ಯಾನ್ ತಿರುಗುವ ಸದ್ದು ಅವಳಿಗೆ ಕೇಳುತ್ತಿದೆ ಎಂದು ನನಗೆ ಗೊತ್ತಿತ್ತು, ಆದರೂ ಆರಿಸಲಿಲ್ಲ. ಮೂರು ಗಂಟೆಯಷ್ಟು ಹೊತ್ತು ಕೂತು ಎದ್ದು ಹೋದಳು. ಆ ಸಂಜೆ ಹೆಂಗಸರ ಕೂಟದಲ್ಲಿ ತಾಳ್ಮೆಯ ಬಗ್ಗೆ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ.

ಅದಾಗಿ ಎರಡು ವಾರಕ್ಕೆ ಚಿಕ್ಕಜಾಜೂರಿನ ಈಗಿನ ಪಾಸ್ಟರ್ ಫೋನ್ ಮಾಡಿದರು. ಅಕ್ಕನವರಿಗೆ ಮೈ ಹುಷಾರಿಲ್ಲವಾ ಎಂದು ಕೇಳಿದರು. ಸಂಡೇ ಸ್ಕೂಲ್ ಬಿಟ್ಟಿದ್ದಾರೆ, ಸಾಕ್ಷಿಗೆ ಕರೆದರೆ ಎದ್ದು ನಿಲ್ಲುವುದಿಲ್ಲ, ಮಾರ್ಚಿನಿಂದ ಕರ್ತನ ಮೇಜಿಗೂ ಬಂದಿಲ್ಲ ಎಂದರು. ಮಾರ್ಚ್ ಎಂದರೆ ಅವಳು ಮೊದಲ ಸಲ ನನ್ನ ಮನೆಗೆ ಬಂದ ತಿಂಗಳು. ಪ್ರತಿ ತಿಂಗಳೂ, ನಾಳೆ ಕರ್ತನ ಮೇಜು ಎಂದು ನನ್ನ ಹತ್ತಿರ ಬಂದು, ಮಾರನೇ ದಿನ ಮನೆಯಲ್ಲೇ ಕೂರುತ್ತಿದ್ದಳು.

ಮತ್ತೆ ಬಂದಾಗ ಬಾಗಿಲು ತೆಗೆದೆ. ಚಿಲಕದ ವಿಷಯ ಅವಳು ಎತ್ತಲಿಲ್ಲ. ನೀನು ಮೇಜಿಗೇ ಹೋಗುತ್ತಿಲ್ಲವಂತೆ, ಮತ್ತೆ ನನ್ನನ್ನು ಯಾಕೆ ಹಿಂಡುತ್ತೀಯಾ ಎಂದು ನಿಂತಲ್ಲೇ ಕೇಳಿದೆ. ಅವಳಿಗೆ ನಾಚಿಕೆಯಾದ ಹಾಗೆ ಕಂಡಿತು. ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ನಿನ್ನ ಹಿಂಡಾಕ್ಕಲ್ಲ ಕಣೇ," ಎಂದಳು. "ನೀನು ಹೇಳೋದ್ರಾಗೆ ಎಲ್ಲಾರ ಒಂದ್ಕಡೆ ದೇವ್ರು ಸಿಗ್ತಾನಾ ಅಂತ ನೋಡ್ತಿದೀನಿ. ನಿನ್ನ ಕೈಲಿ ಅವನೇ ಮಾಡ್ಸಿದ್ದು ಅನ್ನಾಕೆ ಒಂದು ಎಳೆ ಸಿಕ್ಕಿದ್ರೂ ಸಾಕು."

ಅಷ್ಟು ತಿಂಗಳು ಅವಳು ಕೇಳಿದ ಪ್ರಶ್ನೆಗಳೆಲ್ಲ ಒಟ್ಟಿಗೆ ನೆನಪಾದವು. ಕನಸು ಬಿದ್ದಿತ್ತು ಎಂದು ಒಂದು ಸುಳ್ಳು ಹೇಳಿದ್ದರೆ ಸಾಕಿತ್ತು. ಯಾವುದೋ ವಾಕ್ಯ ಕಣ್ಣಿಗೆ ಬಿತ್ತು ಎಂದಿದ್ದರೂ ಅವಳು ಅದನ್ನು ಹಿಡಿದುಕೊಂಡು ಎದ್ದು ನಿಲ್ಲುತ್ತಿದ್ದಳು. ಇಪ್ಪತ್ತೈದು ವರ್ಷ ಸುಳ್ಳಿನಲ್ಲಿ ಆರಾಮವಾಗಿದ್ದವಳು ನಾನು, ಇನ್ನೊಂದು ಹೇಳಲು ನನಗೇನು ಕಷ್ಟ? ಆದರೆ ನನ್ನ ತಲೆಯಲ್ಲಿ ಆ ಹಾಳೆ ಇತ್ತು, ಆ ಬಿರುಕು ಬಿಟ್ಟ ಕೊಡ ಇತ್ತು. ಇಷ್ಟು ಹೇಳಿ ಒಂದನ್ನು ಬಚ್ಚಿಟ್ಟರೆ ನಾನು ಪೂರ್ತಿ ಆಗುವುದಿಲ್ಲ ಎನ್ನಿಸಿತು. ನಾನು ಪೂರ್ತಿ ಆಗುವುದನ್ನೇ ಆರಿಸಿಕೊಂಡೆ. ನಿಜ ಹೇಳಿದೆ.

ಮನಸ್ಸಾಕ್ಷಿ ಎಂದಿದ್ದು ಸುಳ್ಳು. ಟಿಸಿಎಚ್ ಸೀಟಿನ ಕಾಗದ ಅದೇ ವಾರ ಬಂದಿತ್ತು. ನೀನು ಮದುವೆಯಾಗಿ ಹೋಗಿದ್ದರೆ ಅವ್ವನ ಉಚ್ಚೆ ಬಟ್ಟೆ ಒಗೆಯಲು ನಾನು ನಿಲ್ಲಬೇಕಾಗುತ್ತಿತ್ತು. ನನಗೆ ಆ ವಾಸನೆ ಆಗುತ್ತಿರಲಿಲ್ಲ. ಅದಕ್ಕೇ ಹೋಗಿ ಹೇಳಿದೆ, ಬೇರೆ ಏನೂ ಇಲ್ಲ ಎಂದೆ.

ಅಕ್ಕನ ಮುಖದಲ್ಲಿ ಸಿಟ್ಟು ಇರಲಿಲ್ಲ. ಇಷ್ಟೇನಾ ಎಂದು ಮೆಲ್ಲಗೆ ತನಗೆ ತಾನೇ ಕೇಳಿಕೊಂಡಳು. ಒಂದು ಬಕೆಟ್ ಬಟ್ಟೆಗಾ ಎಂದಳು. ಬ್ಯಾಗು ತೆಗೆದುಕೊಂಡು ಎದ್ದಳು. ಈ ಸಲ ಕ್ಷಮಿಸಿದ್ದೀನಿ ಎನ್ನಲಿಲ್ಲ. ನನಗೆ ಆಗ ಮೊದಲ ಸಲ ಹೆದರಿಕೆಯಾಯಿತು. ಹುಟ್ಟಿದಾಗಿನಿಂದ ನನಗೆ ಜ್ವರ ಬಂದರೂ, ಪರೀಕ್ಷೆ ಬಂದರೂ, ಹೆರಿಗೆ ನೋವು ಬಂದರೂ ಮೊದಲು ಮಂಡಿಯೂರುತ್ತಿದ್ದವಳು ಅವಳೇ. ಓಡಿ ಹೋಗಿ ಬಾಗಿಲಲ್ಲಿ ಕೈ ಹಿಡಿದುಕೊಂಡೆ.

"ಅಕ್ಕಾ, ನನಗೋಸ್ಕರ ಒಂದು ಪ್ರಾರ್ಥನೆ ಮಾಡು," ಎಂದೆ.

"ಯಾರ್ನ ಕೇಳ್ಲಿ?" ಎಂದಳು.

ಅದರಲ್ಲಿ ಕೊಂಕಿರಲಿಲ್ಲ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ಕೂಟಗಳಿಗೆ ಹೋಗಿ ಕಲಿತು ಬಂದ ತಂಗಿಗೆ ಗೊತ್ತಿರಬಹುದು ಎಂದು ಕೇಳಿದ್ದಳು. ಉತ್ತರಕ್ಕಾಗಿ ನನ್ನ ಮುಖ ನೋಡಿದಳು. ಆಮೇಲೆ ಕೈ ಬಿಡಿಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದಳು.