ಏಳು ಸುತ್ತಿಗೊಮ್ಮೆ ತಡೆಯುವ ಚಕ್ರ

ನಯಾ ಪೈಸೆ ಬಂದ ವರ್ಷ. ಕೋಟೆ ಭಾಗದ ಮೈದಾನದಲ್ಲಿ ನಡೆಯುತ್ತಿದ್ದ ಕಲಾಮೇಳದಲ್ಲಿ ನೀಲಕಂಠಪ್ಪನವರ ಧೋತರದ ಚುಂಗು ಒಂದು ಚಕ್ರಕ್ಕೆ ಸಿಕ್ಕಿಕೊಂಡಿತು. ಆಳೆತ್ತರದ ತಗಡಿನ ಚಕ್ರ, ಮೈತುಂಬ ಕಪ್ಪು ಹಳದಿ ತ್ರಿಕೋನಗಳು, ತಾನಾಗಿ ತಿರುಗುತ್ತಿತ್ತು. ಹತ್ತಿರದಿಂದ ನೋಡಿದರೆ ಅರ್ಥವಾದೀತೆಂದು ಬಗ್ಗಿದ್ದೇ ತಪ್ಪಾಯಿತು. ವಿಮಾ ಕಚೇರಿಯಲ್ಲಿ ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿ ಗಳಿಸಿದ ಮರ್ಯಾದೆ ಗೇಣು ಗೇಣಾಗಿ ಬಿಚ್ಚಿಕೊಳ್ಳತೊಡಗಿತು. ಎರಡೂ ಕೈಯಿಂದ ಸೊಂಟ ಹಿಡಿದುಕೊಂಡು ಅವರು ಚಕ್ರದ ಕಡೆಗೆ ಪುಟ್ಟ ಪುಟ್ಟ ಹೆಜ್ಜೆ ಇಡುತ್ತಿದ್ದರೆ, ಕ್ಯಾಟಲಾಗು ಹಿಡಿದ ಇಬ್ಬರು ಹೆಂಗಸರು ಇದೂ ಪ್ರದರ್ಶನದ ಭಾಗವೆಂದು ಗಂಭೀರವಾಗಿ ತಲೆದೂಗಿದರು.

ಚಕ್ರ ನಿಂತಿತು. ಹಿಂದಿನ ಕರಿ ಪರದೆಯೊಳಗಿಂದ ದನಿ ಬಂತು.

“ಎಳೀಬೇಡಿ ಮಾರಾಯ್ರೆ, ಹರೀತದೆ. ನಾನೇ ಹಿಂದೆ ತಿರುಗಿಸ್ತೇನೆ.”

ಚಕ್ರ ಉಲ್ಟಾ ತಿರುಗಿ ಧೋತರವನ್ನು ವಾಪಸು ಕೊಟ್ಟಿತು. ನೀಲಕಂಠಪ್ಪ ಚುಂಗು ಸಿಕ್ಕಿಸಿಕೊಂಡು ಪರದೆಯೊಳಗೆ ಇಣುಕಿದರು. ಐವತ್ತರ ಆಸುಪಾಸಿನ ಒಬ್ಬ ಮನುಷ್ಯ, ಹೆಗಲ ಮೇಲೆ ಮೈ ಒರೆಸುವ ಬೈರಾಸು, ಕಬ್ಬಿಣದ ಹಿಡಿಕೆ ಹಿಡಿದು ಕೂತಿದ್ದ.

“ಹೊರಗ ಮಷಿನ್ ಅಂತ ಬರದಾರಲ್ಲರೀ?”

“ಮಷಿನ್ ಇತ್ತು. ಮೊದಲ ದಿನವೇ ಸುಟ್ಟು ಹೋಯ್ತು. ಈಗ ನಾನುಂಟು.”

ಹೆಸರು ಕೊರಗಪ್ಪ, ಊರು ಉಡುಪಿಯ ಕಡೆ. ಬೈಕುಲ್ಲಾದಲ್ಲಿ ಅಣ್ಣು ಶೆಟ್ಟರ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಇಡ್ಲಿ ದೋಸೆಗೆ ರುಬ್ಬುತ್ತಿದ್ದವನು. ಹೋಟೆಲಿನ ಮೇಲಿನ ಮಾಳಿಗೆಯಲ್ಲಿ ಪಾರ್ಸಿ ಮೇಡಂ ಒಬ್ಬರ ಆರ್ಟ್ ಗ್ಯಾಲರಿ. ಗೆರೆ, ಚೌಕ, ವೃತ್ತಗಳ ಚಿತ್ರಗಳನ್ನೂ ಈ ತಿರುಗುವ ತಗಡುಗಳನ್ನೂ ಅವರೇ ಮೇಳಕ್ಕೆ ತಂದಿದ್ದರು. ಮೋಟರು ಸುಟ್ಟ ಸಂಜೆ ಹೋಟೆಲಿಗೆ ಬಂದು, ತಿರುಗಿಸಿ ಅಭ್ಯಾಸವಿರುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದ್ದರು. ಅಣ್ಣು ಶೆಟ್ಟರಿಗೆ ಯೋಚಿಸುವ ಪ್ರಮೇಯವೇ ಬರಲಿಲ್ಲ.

ಕೊರಗಪ್ಪನ ಬಲ ಹೆಗಲು ಕೈಕೊಟ್ಟು ಎರಡು ವರ್ಷವಾಗಿತ್ತು, ರುಬ್ಬುವುದು ಮಾತ್ರ ತಪ್ಪಿರಲಿಲ್ಲ. ಚಕ್ರ ಮಾರಾಟವಾದರೆ ಗ್ಯಾಲರಿಯ ಬಾಗಿಲು ಕಾಯುವ ಕೆಲಸ ಅವನಿಗೇ ಎಂದು ಮೇಡಂ ಮಾತು ಕೊಟ್ಟಿದ್ದರು.

“ಬೆಳಿಗ್ಗೆ ಬಾಗಿಲು ತೆಗೆಯುವುದು, ಸಂಜೆ ಹಾಕುವುದು,” ಎಂದ ಕೊರಗಪ್ಪ.

“ನಡುವ?”

“ನಡುವೆ ಎಂತದೂ ಇಲ್ಲ. ಕೈಯನ್ನು ಹೀಗೆ ತೊಡೆ ಮೇಲೆ ಇಟ್ಟುಕೊಳ್ಳುವುದು.” ಎಡಗೈ ಇಟ್ಟು ತೋರಿಸಿದ. ಬಲಗೈಗೆ ಪುರುಸೊತ್ತಿರಲಿಲ್ಲ.

ಅಂದಿನಿಂದ ನೀಲಕಂಠಪ್ಪ ಊಟದ ಬಿಡುವಿನಲ್ಲಿ ದಿನಾ ಬರತೊಡಗಿದರು. ಕಲೆಯ ಮೇಲಿನ ಪ್ರೀತಿಗಲ್ಲ. ಪರದೆಯ ಹಿಂದೆ ಕಾಲು ಚಾಚಿ ಕೂರಲು ಒಂದು ಪೆಟ್ಟಿಗೆಯಿತ್ತು. ಮೂರನೆಯ ದಿನ ಅವರಿಗೊಂದು ಸಂಗತಿ ಕಣ್ಣಿಗೆ ಬಿತ್ತು. ಏಳು ಸುತ್ತಿಗೊಮ್ಮೆ ಚಕ್ರ ತುಸು ತಡೆಯುತ್ತಿತ್ತು. ಆಗ ಕೊರಗಪ್ಪನ ಎಡಗೈ ಗಾಳಿಯಲ್ಲಿ ಏನನ್ನೋ ಒಳಕ್ಕೆ ದೂಡುತ್ತಿತ್ತು.

“ಅದೇನ್ರೀ ಅದು?”

“ಹಿಟ್ಟು. ದೂಡದಿದ್ರೆ ಅಂಚಿಗೆ ಬಂದು ಕೂರ್ತದೆ.”

“ಇಲ್ಲಿ ಹಿಟ್ಟೆಲ್ಲಿ ಐತ್ರೀ?”

“ಅದು ನನಗೆ ಗೊತ್ತುಂಟು. ಕೈಗೆ ಹೇಳುವವರು ಯಾರು?”

ಪರದೆಯಾಚೆ ಜನ ಆ ತಡೆಗಾಗಿಯೇ ಕಾದು ನಿಲ್ಲುತ್ತಿದ್ದರು. ಗಡ್ಡದವರೊಬ್ಬರು ಅದನ್ನು ಕಾಲಪುರುಷನ ಉಸಿರು ಎಂದರು. ನೀಲಕಂಠಪ್ಪನವರಿಗೂ ಒಂದು ಕ್ಷಣ ಹಾಗೆಯೇ ಅನ್ನಿಸಿತ್ತು, ಹೊರಗೆ ಹೇಳಿಕೊಳ್ಳಲಿಲ್ಲ.

ಕಡೆಯ ದಿನ ಹೊಸ ಮೋಟರು ಬಂತು. ಹಿಂದಿನ ದಿನ ಚಕ್ರವನ್ನು ಮೆಚ್ಚಿ ಹೋಗಿದ್ದ ಗಿರಣಿಯ ಸೇಠರು ಖರೀದಿಗೆ ಬರುವವರಿದ್ದರು. ಕೊರಗಪ್ಪ ಪೆಟ್ಟಿಗೆಯ ಮೇಲೆ ಕೂತು, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ. ಚಕ್ರ ಒಂದೇ ಸಮನೆ ತಿರುಗಿತು. ಸೇಠರು ನೋಡಿದರು. ಮುಖ ಸಪ್ಪಗಾಯಿತು.

“ನಿನ್ನೆ ಇದು ನಡುನಡುವೆ ನಿಂತು ಯೋಚನೆ ಮಾಡುತ್ತಿತ್ತು. ಇವತ್ತು ಫ್ಯಾನಾಗಿದೆ. ಫ್ಯಾನು ನಮ್ಮ ಮನೆಯಲ್ಲಿ ಹನ್ನೆರಡಿವೆ,” ಎಂದು ಹಿಂದಿಯಲ್ಲಿ ಹೇಳಿ ಹೊರಟರು.

ಪರದೆಯ ಸಂದಿಯಿಂದ ಸೇಠರ ಬೆನ್ನು ಕಾಣುತ್ತಿತ್ತು. ಕೊರಗಪ್ಪ ಅದನ್ನು ನೋಡಿದ, ತೊಡೆಯ ಮೇಲಿದ್ದ ಕೈಗಳನ್ನು ನೋಡಿದ. ಚಕ್ರ ಹೋಗದಿದ್ದರೆ ನಾಳೆ ಮತ್ತೆ ರುಬ್ಬುವ ಕಲ್ಲು. ಎದ್ದು ಮೋಟರಿನ ಸ್ವಿಚ್ಚು ಆರಿಸಿ ಹಿಡಿಕೆ ಹಿಡಿದ. ಏಳು ಸುತ್ತು, ಒಂದು ತಡೆ. ಮತ್ತೆ ಏಳು ಸುತ್ತು.

“ಹಾಂ,” ಎಂದು ಸೇಠರು ಹಿಂದಿರುಗಿದರು.

ಮೇಡಂಗೆ ಬೇರೆ ದಾರಿ ಇರಲಿಲ್ಲ. ನಾಚುತ್ತ ಪರದೆ ಸರಿಸಿ ನಿಜ ತೋರಿಸಿದರು. ಸೇಠರು ಬಟ್ಟೆಯ ಥಾನು ಪರೀಕ್ಷಿಸುವವರಂತೆ ಕೊರಗಪ್ಪನನ್ನು ಮೇಲಿಂದ ಕೆಳಗೆ ನೋಡಿದರು.

“ಹಾಗಾದರೆ ಇವನನ್ನೂ ಕಳಿಸಿ,” ಎಂದರು.

ಎರಡು ತಿಂಗಳ ಮೇಲೆ ನೀಲಕಂಠಪ್ಪನವರಿಗೆ ಘಾಟ್ಕೋಪರ್ ಲೋಕಲ್ ರೈಲಿನಲ್ಲಿ ಕೊರಗಪ್ಪ ಸಿಕ್ಕಿದ. ಸೇಠರ ಬಂಗಲೆ ಘಾಟ್ಕೋಪರಿನಲ್ಲೇ. ಚಕ್ರ ಅವರ ದಿವಾನಖಾನೆಯಲ್ಲಿದೆ, ಅತಿಥಿಗಳು ಬಂದಷ್ಟು ಹೊತ್ತೂ ತಿರುಗಬೇಕು, ಅತಿಥಿಗಳು ದಿನಾ ಬರುತ್ತಾರೆ ಎಂದ. ಎಡಗೈಯಲ್ಲಿ ಕಂಬಿ ಹಿಡಿದು, ಬಲಗೈ ಇಳಿಬಿಟ್ಟು ನಿಂತಿದ್ದ.

“ಹೊಸಾ ಕೆಲಸ ಹೆಂಗೈತ್ರೀ?” ಎಂದು ನೀಲಕಂಠಪ್ಪ ಕೇಳಿದರು.

ಕೊರಗಪ್ಪ ಬಲ ಹೆಗಲನ್ನು ಮೆಲ್ಲಗೆ ಒಮ್ಮೆ ತಿರುಗಿಸಿದ.

“ಹಗುರ ಉಂಟು,” ಎಂದ. “ಅದೇ ರುಬ್ಬುವುದು, ಉದ್ದು ಹಾಕುವುದಿಲ್ಲ ಅಷ್ಟೆ.”